ಅಜ್ಜಿ ಎದ್ದು ಹೋದ ಪದ

ಕಡೂರಿನ ಆ ಡಿಟಿಪಿ ಅಂಗಡಿಯಾಕೆ ಮೌಸ್ ಹಿಡಿಯುವ ಮುಂಚೆ ಪ್ರತಿಸಲವೂ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ನಾನು ಗಾಬರಿಯಾದಾಗಲೆಲ್ಲ, ಅಂದರೆ ಸದಾ, "ಫೈಲು ಎಲ್ಲಿಗೂ ಹೋಗಲ್ಲ, ವಾಪಸ್ ಬತ್ತದೆ ಬಿಡಿ ಸಾರ್" ಎನ್ನುತ್ತಿದ್ದರು.

ನಮ್ಮ ಕಡೆಯ ಕುರಿಗಾಹಿಗಳ ಮಾತುಗಳನ್ನು ಕೂಡಿಸಿ ನಾನೊಂದು ನಿಘಂಟು ಮಾಡಿದ್ದೆ. ಅದನ್ನು ನಿಘಂಟಿನ ಸಾಫ್ಟ್‌ವೇರಿನಿಂದ ವರ್ಡ್‌ಗೆ ಇಳಿಸಿ, ಸಂಜೆಯೊಳಗೆ ತರೀಕೆರೆಯ ಪ್ರೆಸ್ಸಿಗೆ ತಲುಪಿಸಬೇಕಿತ್ತು. ಇಳಿಯಿತು. ಜೊತೆಗೆ, ಟಿಪ್ಪಣಿಯ ಜಾಗದಲ್ಲಿ ನನಗಷ್ಟೇ ಎಂದು ಬರೆದುಕೊಂಡಿದ್ದೆಲ್ಲವೂ ಇಳಿಯಿತು. ಆಕೆ ಜೋರಾಗಿ ಓದತೊಡಗಿದರು: "'ಪಂಚನಹಳ್ಳಿಯ ಈ ಯಜಮಾನರು ಸುಳ್ಳು ಹೇಳುತ್ತಿರಬಹುದೇ?' ಅಯ್ಯೋ ಸಾರ್, ಇದು ಅಚ್ಚಾದ್ರೆ ನೀವು ಪಂಚನಹಳ್ಳಿ ಕಡೆ ಬಸ್ ಹತ್ತಂಗಿಲ್ಲ!"

ನಾನು ಪರದೆಗೆ ಕೈ ಅಡ್ಡ ಹಿಡಿದೆ. "ಎಲ್ಲಾ ತೆಗೆದುಬಿಡಿ ಮೇಡಂ."

ಆಕೆ ಕೈ ಒರೆಸಿಕೊಂಡರು. ಟಿಪ್ಪಣಿಯ ಮುಂದಿನ ಟಿಕ್ ತೆಗೆದು ಮತ್ತೆ ಇಳಿಸಿದರು. ಆಮೇಲೆ ಒಂದು ಟಿಪ್ಪಣಿಯನ್ನು ಮಾತ್ರ ಹಳೆಯ ಫೈಲಿನಿಂದ ತಂದು ಅದರ ಪದದ ಎದುರು ಅಂಟಿಸಿದರು: 'ಅರ್ಥ ಹೇಳುತ್ತಿದ್ದ ಯಗಟಿಯ ಅಜ್ಜಿ, ಮರಿಗೆ ಹಾಲು ಕುಡಿಸಲು ಎದ್ದು ಹೋದರು.'

"ಇದ್ಯಾಕೆ?" ಎಂದೆ.

"ಇದರ ಅರ್ಥ ಅರ್ಧಕ್ಕೇ ನಿಂತೈತಲ್ಲ ಸಾರ್. ಯಾಕೆ ಅಂತ ಓದೋರಿಗೆ ಗೊತ್ತಾಗ್ಬೇಡ್ವಾ?"

ಅಳಿಸಿಬಿಡಲೇ ಎಂದು ತರೀಕೆರೆಯವರೆಗೂ ಬಸ್ಸಿನಲ್ಲಿ ಚಿಂತಿಸಿದೆ. ಅಳಿಸಲಿಲ್ಲ. ಪುಸ್ತಕ ಬಂದಿದೆ. ಅದರೊಳಗೆ ಎದ್ದು ಹೋದ ಅಜ್ಜಿ ಮಾತ್ರ ಇನ್ನೂ ವಾಪಸ್ ಬಂದಿಲ್ಲ.