ಸುಶೀಲಮ್ಮನವರೂ ನನ್ನ ಇಂಗ್ಲಿಷೂ

ಮೊನ್ನೆ ಭಾನುವಾರ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಪಕ್ಕದಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ಓದುತ್ತಿದ್ದ ಮಗಳು ತಲೆ ಎತ್ತದೆಯೇ ಕೇಳಿದಳು: "ಅಮ್ಮಾ, ಕಮ್ ರೌಂಡ್ ಅಂದ್ರೆ ಏನು?"

ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ವ್ಯಾಕರಣ. ಪುಟದ ತುಂಬ 'ಕಮ್' ಅನ್ನುವ ಒಂದೇ ಕ್ರಿಯಾಪದ, ಅದಕ್ಕೆ ಒಂದೊಂದು ಸಾಲಿನಲ್ಲಿ ಒಂದೊಂದು ಬಾಲ. ಅವಳು ನನ್ನನ್ನು ಇಂಗ್ಲಿಷ್ ಕೇಳುವುದೇ ಅಪರೂಪ. ಕೇಳಿದರೂ ಉತ್ತರಕ್ಕೆ ಕಾಯುವುದಿಲ್ಲ. ಆದರೆ ಈ ಎರಡು ಪದದ ಅರ್ಥ ನನಗೆ ಗೊತ್ತಿರುವಷ್ಟು ಚೆನ್ನಾಗಿ ಇಡೀ ಅನ್ನಪೂರ್ಣೇಶ್ವರಿ ನಗರದಲ್ಲಿ ಇನ್ಯಾರಿಗೂ ಗೊತ್ತಿರಲಾರದು. "ಪ್ರಜ್ಞೆ ಬರೋದು ಕಣೇ," ಎಂದೆ. ಅವಳು ಬರೆದುಕೊಂಡು ಮುಂದಿನ ಸಾಲಿಗೆ ಹೋದಳು. ನಾನು ಮನಸ್ಸಿನಲ್ಲೇ ಸುಶೀಲಮ್ಮನವರ ಹತ್ತಿರ ಹೋದೆ.

ಆಗ ನನಗೆ ಇಪ್ಪತ್ತೆರಡು. ಅತ್ತಿಗುಪ್ಪೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ರಿಸೆಪ್ಷನ್ ಕೆಲಸ. ಸೇರಿಸಿಕೊಳ್ಳುವಾಗ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಇಂಗ್ಲಿಷ್ ಬರುತ್ತಾ?" "ಬರುತ್ತೆ ಮೇಡಂ," ಎಂದಿದ್ದೆ. ಪೂರ್ತಿ ಸುಳ್ಳಲ್ಲ. ನಮ್ಮ ಸ್ಟಾಪಿಗೆ ಬಸ್ಸು ಬರುವ ಹಾಗೆ ಬರುತ್ತಿತ್ತು. ಯಾವಾಗಲೋ ಒಂದು, ಅದೂ ನಮಗೆ ಬೇಕಾದ ನಂಬರಿನದಲ್ಲ.

ಶ್ರೀಗಂಧದ ಕಾವಲಿನ ಸುಶೀಲಮ್ಮನವರು ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಬಂದು ಸೇರಿದ್ದರು. ಜೊತೆಗೆ ಪಕ್ಕದ ಮನೆಯವರೊಬ್ಬರು. ಒಬ್ಬಳೇ ಮಗಳು ವೀಣಾ, ಪುಣೆಯಲ್ಲಿ; ಅಳಿಯ ಮರಾಠಿಯವರು, ಕನ್ನಡ ಬಾರದು. ಸಂಜೆ ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ಬೆಳಿಗ್ಗೆ ಪಕ್ಕದ ಮನೆಯವರು ಸ್ನಾನಕ್ಕೆ ಹೋಗಿದ್ದಾರೆ, ಸುಶೀಲಮ್ಮನವರ ಮೊಬೈಲಿನ ಚಾರ್ಜು ಮುಗಿದಿದೆ. ಒಂಬತ್ತೂವರೆಗೆ ಕೌಂಟರಿನ ಫೋನು ಹೊಡೆದುಕೊಂಡಿತು.

ಪುಣೆಯಿಂದ ಅಳಿಯ. ಸುಶೀಲಮ್ಮನವರ ಹೆಸರು, ರೂಮು ಎಲ್ಲ ಹೇಳಿ, "ಹ್ಯಾಸ್ ಶಿ ಕಮ್ ರೌಂಡ್?" ಎಂದು ಕೇಳಿದರು.

ನಮ್ಮ ಡಾಕ್ಟರಮ್ಮ ರೌಂಡ್ಸಿಗೆ ಬರುವುದು ಹನ್ನೊಂದಕ್ಕೆ. ಅವರನ್ನೇ ಕೇಳುತ್ತಿದ್ದಾರೆ ಅಂದುಕೊಂಡೆ. ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರೋ ಏನೋ.

"ನೋ ಸರ್. ನಾಟ್ ಕಮ್."

"ಸಿನ್ಸ್ ಯೆಸ್ಟರ್ಡೇ?" ಅವರ ದನಿ ಸಣ್ಣದಾಗಿತ್ತು.

"ಯೆಸ್ ಸರ್. ಯೆಸ್ಟರ್ಡೇ ಈವ್ನಿಂಗ್ ಆಫ್ಟರ್, ನಾಟ್ ಕಮ್."

ಲೈನು ಕಟ್ಟಾಯಿತು. ಒಂದು ಫೋನನ್ನು ಪೂರ್ತಿ ಇಂಗ್ಲಿಷಿನಲ್ಲೇ ಮುಗಿಸಿದೆನಲ್ಲ ಅಂತ ನನಗೆ ಹೆಮ್ಮೆಯಾಗಿತ್ತು. ಆಮೇಲೆ ಅವರು ಎಷ್ಟೋ ಸಲ ಪ್ರಯತ್ನಿಸಿದರಂತೆ. ಅಷ್ಟು ಹೊತ್ತಿಗೆ ಪೇಷೆಂಟುಗಳು ಬರಲು ಶುರುವಾಗಿ ನಮ್ಮ ಲೈನು ಸಿಗಲೇ ಇಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಒಬ್ಬಳು ಹೆಂಗಸು ಅತ್ತು ಕೆಂಪಾದ ಕಣ್ಣಲ್ಲಿ ಓಡಿ ಬಂದು, ನನ್ನನ್ನು ಏನೂ ಕೇಳದೆ ಮೆಟ್ಟಿಲು ಹತ್ತಿದಳು. ಹಿಂದೆ ಬ್ಯಾಗು ಹಿಡಿದ ಗಂಡ. ಯಾರೋ ಏನೋ ಎಂದು ನಾನೂ ಹಿಂದೆಯೇ ಹೋದೆ. ಸುಶೀಲಮ್ಮನವರು ದಿಂಬಿಗೊರಗಿ ಕೂತು, ಗಂಜಿಗೆ ಉಪ್ಪು ಸಾಲದು ಅಂತ ಆಯಾಗೆ ಹೇಳುತ್ತಿದ್ದರು. ಸಿಕ್ಕ ವಿಮಾನ ಹಿಡಿದು ಪುಣೆಯಿಂದ ಬಂದಿದ್ದ ವೀಣಾ ಬಾಗಿಲಲ್ಲೇ ನಿಂತಳು. ಆಮೇಲೆ ಹೋಗಿ ತಾಯಿಯ ಮಡಿಲಿಗೆ ತಲೆಯಿಟ್ಟು ಅತ್ತೇ ಅತ್ತಳು.

ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ಬೆಳಿಗ್ಗೆ ಫೋನ್ ತೆಗೆದು, ಅಮ್ಮನಿಗೆ ನಿನ್ನೆಯಿಂದ ಪ್ರಜ್ಞೆ ಬಂದಿಲ್ಲ ಅಂದಿದ್ದು ಯಾರು?"

ಬೆಳಿಗ್ಗೆ ನನ್ನ ಜೊತೆ ಕೌಂಟರಿನಲ್ಲಿದ್ದ ಲತಾ ತನ್ನ ಪಾಳಿ ಮುಗಿಸಿ ಎರಡಕ್ಕೇ ಮನೆಗೆ ಹೋಗಿದ್ದಳು. ಅವಳ ಹೆಸರು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. "ನಾನೇ ಮೇಡಂ," ಎಂದು, ಡಾಕ್ಟರಮ್ಮನ ರೌಂಡ್ಸಿನ ಕಥೆಯನ್ನೆಲ್ಲ ಹೇಳಿದೆ. ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿದ್ದೆ.

ವೀಣಾ ಬಾಯಿ ತೆರೆಯುವಷ್ಟರಲ್ಲಿ ಸುಶೀಲಮ್ಮನವರು, "ಆ ಹುಡುಗಿಗೆ ಏನೂ ಅನ್ನಬೇಡ. ಅವಳ ಇಂಗ್ಲಿಷ್ ಸರಿ ಇದ್ದಿದ್ರೆ ನೀನು ಬರ್ತಿದ್ಯಾ?" ಎಂದರು.

"ಬರಬೇಡ ಅಂದಿದ್ದು ನೀನೇ ಅಲ್ವಾಮ್ಮಾ? ಸಣ್ಣ ಆಪರೇಷನ್ನು, ರಜ ಹಾಕಬೇಡ ಅಂದೆ."

"ಅಂದೆ. ಅಂದ್ರೆ ಬರದೇ ಇರೋದಾ?"

ವೀಣಾ ಗಂಜಿಯ ಬಟ್ಟಲು ತೆಗೆದುಕೊಂಡು ಉಪ್ಪು ಹಾಕಿಸಿಕೊಂಡು ಬರಲು ಕೆಳಗಿಳಿದಳು.

ಗಂಡ ಹೆಂಡತಿ ನಾಲ್ಕು ದಿನ ಇದ್ದರು. ಸಂಜೆ ತಾಯಿ ಮಗಳು ಮಾತಿಗೆ ಕೂತರೆ ಅಳಿಯನಿಗೆ ಅಲ್ಲಿ ಅರ್ಥವಾಗುವುದೇನೂ ಇರುತ್ತಿರಲಿಲ್ಲ. ಕೆಳಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಹಳೆಯ ಅಪಾಯಿಂಟ್‌ಮೆಂಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಪಾಠ ಶುರು ಮಾಡಿದರು. ಕಮ್ ಅಕ್ರಾಸ್ ಅಂದರೆ ಅಕಸ್ಮಾತ್ ಕಣ್ಣಿಗೆ ಬೀಳುವುದು. ಕಮ್ ಆಫ್ ಅಂದರೆ ಕಿತ್ತುಬರುವುದು. ಕಮ್ ಡೌನ್ ವಿತ್ ಅಂದರೆ ಕಾಯಿಲೆ ಬೀಳುವುದು. ಮಾತು ತಡವರಿಸಿದಾಗ, ತಾಯಿಯನ್ನು ಮಲಗಿಸಿ ಕೆಳಗೆ ಬಂದ ವೀಣಾ ನಡುವೆ ನಿಂತು ಕನ್ನಡಕ್ಕೂ ಇಂಗ್ಲಿಷಿಗೂ ದಾಟಿಸುತ್ತಿದ್ದಳು.

"ಬರೋದು ಒಂದೇ ಅಲ್ವಾ ಸಾರ್, ಅದಕ್ಕೆ ಇಷ್ಟೊಂದು ಬಾಲ ಯಾಕೆ?" ಎಂದು ಒಂದು ಸಂಜೆ ಬೇಸತ್ತು ಕೇಳಿದೆ.

ಅವರು ಯೋಚಿಸಿ, ಕನ್ನಡದಲ್ಲಿ ಏನೇನು ಬರುತ್ತದೆ ಎಂದು ತಿರುಗಿ ಕೇಳಿದರು. ನಾನು ಹೇಳುತ್ತ ಹೋದೆ: ಜ್ವರ ಬರುತ್ತೆ, ನಿದ್ದೆ ಬರುತ್ತೆ, ಕೋಪ ಬರುತ್ತೆ, ಅಡುಗೆ ಬರುತ್ತೆ. ಇಂಗ್ಲಿಷ್ ಬರುತ್ತೆ ಎನ್ನುವಾಗ ಮೂವರೂ ನಕ್ಕೆವು. ಪ್ರಜ್ಞೆಯೂ ಬರುತ್ತೆ ಅಂದಾಗ ಮಾತ್ರ ನಾನೇ ನಿಂತುಬಿಟ್ಟೆ. ನಮ್ಮಲ್ಲಿ ಮನುಷ್ಯ ಮಲಗಿದ್ದಲ್ಲೇ ಇರುತ್ತಾನೆ, ಪ್ರಜ್ಞೆ ಅವನನ್ನು ಹುಡುಕಿಕೊಂಡು ಬರುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯನೇ ಎಲ್ಲಿಂದಲೋ ಸುತ್ತಿ ವಾಪಸು ಬರುತ್ತಾನೆ. ಅಷ್ಟು ದಿನ ಇಂಗ್ಲಿಷ್ ಅಂದರೆ ಬೇರೆಯವರ ಮನೆ, ಚಪ್ಪಲಿ ಬಿಟ್ಟು ಹೊರಗೇ ನಿಲ್ಲಬೇಕು ಅಂದುಕೊಂಡಿದ್ದೆ. ಆ ಸಂಜೆ ಒಳಗೆ ಹೋಗಿ ಕೂತ ಹಾಗಾಯಿತು.

ಈಗ ಅದೇ ಕೌಂಟರಿನಲ್ಲಿ ನಾನೇ ಹಿರಿಯಳು. ಇಂಗ್ಲಿಷ್ ಸುಧಾರಿಸಿದೆ, ಮಗಳು ಒಪ್ಪುವುದಿಲ್ಲ, ಇರಲಿ. ಆದರೂ ಯಾರಾದರೂ ಪೇಷೆಂಟಿನ ಬಗ್ಗೆ ಕೇಳಿದರೆ, ಯಾವ ಭಾಷೆಯಲ್ಲೇ ಕೇಳಲಿ, ಕೂತಲ್ಲಿಂದ ಉತ್ತರ ಕೊಡುವುದಿಲ್ಲ. ಹೋದ ವಾರ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಮನೆಮನೆಗೆ ಊಟದ ಪಾರ್ಸೆಲ್ ಮುಟ್ಟಿಸುವ ಕೆಲಸ, ಕೆಂಗೇರಿಯ ಹತ್ತಿರ ಎಲ್ಲೋ ಇದ್ದಾನೆ, ಇಲ್ಲಿ ಅಪ್ಪನಿಗೆ ಆಪರೇಷನ್ ಆಗಿದೆ. ಕೇಳಬೇಕಾದ್ದನ್ನು ಕೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. "ಇರಪ್ಪಾ, ಫೋನ್ ಇಡಬೇಡ," ಎಂದು ಮೇಲೆ ಹೋಗಿ ನೋಡಿ ಬಂದೆ.

"ನಿಮ್ಮಪ್ಪ ಎದ್ದಿದಾರೆ. ನರ್ಸ್ ಹತ್ರ ಕನ್ನಡಕ ಎಲ್ಲಿಟ್ಟಿದೀರಾ ಅಂತ ಜಗಳ ಆಡ್ತಾ ಇದಾರೆ."

ಅತ್ತ ಕಡೆ ರಸ್ತೆಯ ಸದ್ದಿನ ನಡುವೆ ಅವನು, "ಜಗಳ ಮಾಡಾಕತ್ತಾರಂದ್ರ ಆರಾಮದಾರ ಬಿಡ್ರಿ ಅಕ್ಕಾರ," ಎಂದ.