ಇಬ್ಬರೂ ಒಪ್ಪಬೇಕಿದ್ದ ಗೆಲಾಕ್ಸಿ

ಇದನ್ನು ಬರೆಯಲು ಕುಳಿತಾಗಲೆಲ್ಲ ನನಗೆ ಬೇರೇನಾದರೂ ತುರ್ತು ಕೆಲಸ ನೆನಪಾಗುತ್ತಿತ್ತು. ಕನ್ನಡಕ ಒರೆಸುವುದು, ಫ್ಯಾನಿನ ಧೂಳು ಹೊಡೆಯುವುದು. ಈಗ ಹಲಸೂರಿನ ನಮ್ಮ ಮನೆಯಲ್ಲಿ ಧೂಳೇ ಉಳಿದಿಲ್ಲ.

ಇಂದಿರಾನಗರದ ಒಂದು ವಾಚನಾಲಯದ ಮಹಡಿಯಲ್ಲಿ, ಭಾನುವಾರ ಬೆಳಿಗ್ಗೆ, ನಾವು ಕೆಲವು ನಿವೃತ್ತರು ಗೆಲಾಕ್ಸಿ ಹುಡುಕುತ್ತಿದ್ದೆವು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದವರು ಮೇಲೆ ಹೋಗಿ ಕೋಟಿಗಟ್ಟಲೆ ಜ್ಯೋತಿರ್ವರ್ಷಗಳ ಮಾತಾಡುತ್ತಿದ್ದರು. ಎಲ್ಲೋ ಬಯಲಿನಲ್ಲಿರುವ ರೇಡಿಯೋ ದೂರದರ್ಶಕ ಕಡಿಮೆ ಕಂಪನಾಂಕದ ಅಲೆಗಳನ್ನು ಹಿಡಿದು ಆಕಾಶದ ಚಿತ್ರ ಮಾಡುತ್ತದೆ. ಅದರಲ್ಲಿ ದೂರದ ಗೆಲಾಕ್ಸಿಯೊಂದು ಎಷ್ಟೋ ಸಲ ಎರಡು ಮಸುಕು ಮಚ್ಚೆಗಳಾಗಿ ಕಾಣುತ್ತದೆ. ಅದರ ನಡುವಿನಿಂದ ಎರಡೂ ಕಡೆಗೆ ಚಿಮ್ಮಿದ ಬಿಸಿ ಅನಿಲ ಅದು. ಮಚ್ಚೆಗಳು ಒಂದೇ ಗೆಲಾಕ್ಸಿಯವೋ, ಬೇರೆ ಬೇರೆಯವೋ ಎಂದು ಹೇಳುವುದು ನಮ್ಮ ಕೆಲಸ. ಯಂತ್ರ ಎಡವುವ ಕಡೆ ಮನುಷ್ಯರ ಕಣ್ಣು ಬೇಕಂತೆ. ನಮ್ಮಲ್ಲಿ ಅರ್ಧ ಜನಕ್ಕೆ ಪೊರೆ ಬಂದಿತ್ತು.

ಇಬ್ಬಿಬ್ಬರಿಗೆ ಒಂದು ಲ್ಯಾಪ್‌ಟಾಪ್, ಒಂದು ತುಂಡು ಆಕಾಶ. ಒಂದೇ ತುಂಡನ್ನು ಹಲವು ಜೋಡಿಗಳಿಗೆ ಕೊಡುತ್ತಿದ್ದರು. ಇಬ್ಬರೂ ಒಪ್ಪಿದ ಮೇಲೆಯೇ ಗುಂಡಿ ಒತ್ತಬೇಕೆಂಬುದು ನಿಯಮ. ನನ್ನ ಜೋಡಿ ಶಿವಾಜಿನಗರದ ಗೆಳೆಯ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆ ಅಂಗಡಿ ಇಟ್ಟಿದ್ದವನು. ಸಾಯುವುದರೊಳಗೆ ಒಂದಾದರೂ ದೊಡ್ಡ ಗೆಲಾಕ್ಸಿ ಹಿಡಿಯಬೇಕೆಂಬುದು ಅವನ ಹಟ. ಅವನು ಏಳನೇ ಕ್ಲಾಸು, ನಾನು ಎಸ್ಸೆಸ್ಸೆಲ್ಸಿ. ಹಾಗಾಗಿ ಮೌಸು ಸದಾ ನನ್ನ ಕೈಯಲ್ಲೇ.

ಒಂದು ಭಾನುವಾರ ತೆರೆಯ ಆ ತುದಿಗೊಂದು, ಈ ತುದಿಗೊಂದು ಮಚ್ಚೆ ಬಂತು.

"ಅರೇ ಭಾಯಿ, ಎರಡೂ ಒಂದೇ ಇದು," ಎಂದ. "ನಡುವೆ ನೋಡು, ಸಣ್ಣ ಚುಕ್ಕಿ ಐತೆ. ಅಲ್ಲಿಂದಾನೇ ಹೊರಟಿರೋದು."

"ಎರಡು ಪೀಸ್ ಜೋಡ್ಸಿ ಒಂದು ಸೀರೆ ಅಂತ ಮಾರೋಕೆ ಇದೇನು ನಿನ್ನ ಅಂಗಡೀನಾ? ಸುಮ್ನಿರು ಗುರು."

ಸುತ್ತಲಿನವರು ನಕ್ಕರು. ಅವನೂ ನಕ್ಕ. "ತಡಿ, ನಾನಿನ್ನೂ ಒಪ್ಪಿಲ್ಲ" ಎನ್ನುವಷ್ಟರಲ್ಲಿ ನಾನು ಒತ್ತಿಬಿಟ್ಟಿದ್ದೆ: ಬೇರೆ ಬೇರೆ.

ಕೆಲವು ವಾರಗಳ ನಂತರ ನಮಗೆ ಕಲಿಸುತ್ತಿದ್ದ ಸಂಶೋಧಕಿ ಅದೇ ಚಿತ್ರವನ್ನು ಗೋಡೆಯ ಮೇಲೆ ತೋರಿಸಿದರು. "ಇದು ಒಂದೇ ಗೆಲಾಕ್ಸಿ. ತುಂಬಾ ದೂರದ್ದು, ಭಾರೀ ದೊಡ್ಡದು. ಬಾಣಸವಾಡಿ ಜೋಡಿ ಹಿಡಿದ್ರು. ನಿಮಗೂ ಇದೇ ಬಂದಿತ್ತಲ್ಲ ಸರ್? ಬೇರೆ ಅಂದಿದ್ದು ಯಾರು? ಬಯ್ಯೋಕಲ್ಲ, ಕಣ್ಣು ಎಲ್ಲಿ ತಪ್ಪುತ್ತೆ ಅಂತ ತಿಳ್ಕೊಳ್ಳೋಕೆ."

"ಇವ್ನೇ ಮೇಡಂ," ಎಂದು ಪಕ್ಕಕ್ಕೆ ಬೆರಳು ತೋರಿಸಿದೆ. "ನಾನು ಎಷ್ಟು ಹೇಳ್ದೆ!"

"ಸಾಹೇಬ್ರೇ, ಮೊದ್ಲು ಕಣ್ಣಾಸ್ಪತ್ರೆಗೆ ಹೋಗಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ಅವನು ನನ್ನನ್ನೇ ನೋಡಿದ. "ಹೌದು ಮೇಡಂ, ವಯಸ್ಸಾಯ್ತು," ಎಂದಷ್ಟೇ ಹೇಳಿದ. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಇಲ್ಲ.

ಕ್ಷಮೆ ಕೇಳುವುದರಲ್ಲಿ ನಾನು ಜಿಪುಣನಲ್ಲ. ಸಂಶೋಧಕಿಗೆ ಕೇಳಿದೆ, ಅದೂ 'ನಮ್ಮಿಬ್ಬರ ಪರವಾಗಿ'. ಮನಸ್ಸಿನಲ್ಲಿ ಹೊಟ್ಟೆಕಿಚ್ಚು ಪಟ್ಟಿದ್ದಕ್ಕೆ ಬಾಣಸವಾಡಿಯ ಜೋಡಿಗೂ ಕೇಳಿದೆ. ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಹಲಸೂರಿನಿಂದ ಶಿವಾಜಿನಗರಕ್ಕೆ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತವೆ. ನಾನು ಹತ್ತಿಲ್ಲ. ನಾನು ಇನ್ನೂ ಕ್ಷಮೆ ಕೇಳಬೇಕಾಗಿರುವವನು ಆ ಗೆಳೆಯ, ಆ ಸೀರೆ ಅಂಗಡಿಯವನು, ನನ್ನ ಜೋಡಿ.