ಗಂಟು ಕಾಣಬೇಕು

ನನ್ನ ಶಾಲೆಯ ನೋಟುಬುಕ್ಕುಗಳ ಬೆನ್ನಿನ ಮೇಲೆ, ಹೊರಗಡೆಗೇ, ಒಂದು ದಪ್ಪ ಗಂಟು ಇರುತ್ತಿತ್ತು. ಹೊಲಿದುಕೊಡುತ್ತಿದ್ದವಳು ನನ್ನ ಸೋದರತ್ತೆ. ಗೆಳತಿಯರು ಆ ಗಂಟನ್ನು ಎಳೆದೆಳೆದು ಆಡಿಕೊಳ್ಳುತ್ತಿದ್ದರು. "ಒಳಗೆ ಹಾಕು ಅತ್ತೆ, ಎಲ್ಲರೂ ನಗ್ತಾರೆ" ಎಂದು ಎಷ್ಟು ಗೋಗರೆದರೂ ಅವಳು ಜಗ್ಗುತ್ತಿರಲಿಲ್ಲ. "ನಗೋರು ನಗಲಿ. ಗಂಟು ಕಾಣಬೇಕು" ಎಂದು ಹಲ್ಲಿನಿಂದ ದಾರ ಕಡಿದು ಪುಸ್ತಕವನ್ನು ನನ್ನತ್ತ ತಳ್ಳುತ್ತಿದ್ದಳು. ಅವುಗಳಲ್ಲಿ ಒಂದನ್ನೂ ನಾನು ಉಳಿಸಿಕೊಳ್ಳಲಿಲ್ಲ. ಈಗ ಹೊಟ್ಟೆ ಉರಿಯುತ್ತದೆ.

ಅತ್ತೆ ವಿದೇಶ ವ್ಯವಹಾರದ ಕಚೇರಿಯಲ್ಲಿ ಬೈಂಡರ್. ನೆಲಮಹಡಿಯ ಕೊನೆಯ ಕೋಣೆ ಅವಳದು. ಅಂಟಿನ ವಾಸನೆ, ನೆಲದ ತುಂಬ ಕತ್ತರಿಸಿದ ಕಾಗದದ ಅಂಚು, ಒಂದು ಕಾಲು ಗಿಡ್ಡವಾದ ಮೇಜು. ದೊಡ್ಡವರು ಸಹಿ ಹಾಕುವ ಒಪ್ಪಂದಗಳನ್ನು ಹೊಲಿದು ರಟ್ಟು ಹಾಕುವುದು ಅವಳ ಕೆಲಸ. "ದೇಶ ದೇಶ ಸೇರಿಸೋಳು ನಾನೇ ಕಣೆ, ಅವರು ಬರೀ ಹೆಸರು ಬರೆಯೋದು" ಎಂದು ಜಂಬ ಕೊಚ್ಚುತ್ತಿದ್ದಳು. ಪೂರ್ತಿ ಸುಳ್ಳೂ ಅಲ್ಲ ಬಿಡಿ.

ಈ ಕತೆ ನಡೆದಾಗ ಅವಳಿಗೆ ಇಪ್ಪತ್ತಾರು. ಆರು ವರ್ಷದಿಂದ ಹಂಗಾಮಿ ನೌಕರಿ. ಅಜ್ಜ ಹಾಸಿಗೆ ಹಿಡಿದಿದ್ದರು, ಅವಳ ತಮ್ಮ, ಅಂದರೆ ನನ್ನ ಅಪ್ಪ, ಇನ್ನೂ ಕಾಲೇಜಿನಲ್ಲಿದ್ದ. ಮನೆ ನಿಂತಿದ್ದೇ ಅವಳ ಸಂಬಳದ ಮೇಲೆ. ಅವಳನ್ನು ಖಾಯಂ ಮಾಡುವ ಕಡತ ಕಾರ್ಯದರ್ಶಿಗಳ ಮೇಜು ಸೇರಿತ್ತು. "ಈ ದೊಡ್ಡ ಕೆಲಸ ಒಂದು ಸರಿಯಾಗಿ ಮುಗಿಸಮ್ಮ, ಸಹಿ ಹಾಕ್ತೀನಿ. ಹೆಚ್ಚುಕಮ್ಮಿ ಆದ್ರೆ ಬೇರೆಯವರನ್ನ ನೋಡ್ಕೋತೀನಿ" ಎಂದಿದ್ದರು.

ದೊಡ್ಡ ಕೆಲಸವೆಂದರೆ ಎರಡು ಖಂಡಗಳ ನಡುವಿನ ಒಪ್ಪಂದ. ನಮ್ಮ ಖಂಡದ ದೇಶಗಳೆಲ್ಲ ಒಂದು ಕಡೆ, ಕಡಲಾಚೆಯ ಖಂಡದ ದೇಶಗಳೆಲ್ಲ ಇನ್ನೊಂದು ಕಡೆ. ವ್ಯಾಪಾರ, ಬಂದರು, ವಿದ್ಯೆ, ಕಡಲಿನ ಕಾವಲು, ಎಲ್ಲದರಲ್ಲೂ ಇನ್ನು ಮುಂದೆ ಜೊತೆ. ಮೂರು ವರ್ಷ ಕೂತು ಒಂದೊಂದು ಪದಕ್ಕೂ ಕಿತ್ತಾಡಿ ಮುಗಿಸಿದ್ದರು. ಅತ್ತೆ ಎರಡು ಪ್ರತಿ ಹೊಲಿದಳು. ನಮ್ಮ ಕಡೆಯ ಪದ್ಧತಿಯಂತೆ ಗಂಟನ್ನು ಬೆನ್ನಿನೊಳಗೆ ಅಡಗಿಸಿದಳು. ಗಂಟು ಕಂಡರೆ ಇಲ್ಲಿಯ ಬೈಂಡರುಗಳಿಗೆ ಒಳಲಂಗ ಕಂಡಷ್ಟು ನಾಚಿಕೆ.

ಸಹಿಗೆ ಇನ್ನು ಎರಡು ಗಂಟೆ ಇತ್ತು. ಆ ಖಂಡದ ಮುದ್ರೆಯನ್ನು ತಂದಿದ್ದವಳು ಅತ್ತೆಗಿಂತ ಹತ್ತು ವರ್ಷ ದೊಡ್ಡ ಹೆಂಗಸು. ಅರಗು ಕಾಯಿಸಿಕೊಂಡು, ಪ್ರತಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೆಳಗಿಟ್ಟುಬಿಟ್ಟಳು. ಅವರಲ್ಲಿ ಅರಗಿನ ಮುದ್ರೆ ಬೀಳಬೇಕಾದ್ದು ಗಂಟಿನ ಮೇಲೆ. ಯಾರಾದರೂ ಗಂಟು ಬಿಚ್ಚಿ ಹಾಳೆ ಬದಲಿಸಿದರೆ ಅರಗು ಒಡೆದು ಗೊತ್ತಾಗಬೇಕು. ಗಂಟು ಕಾಣದಿದ್ದರೆ ಮುದ್ರೆಯಿಲ್ಲ, ಮುದ್ರೆಯಿಲ್ಲದೆ ಅವರ ನಾಯಕರು ಸಹಿ ಹಾಕುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಕಾರ್ಯದರ್ಶಿಗಳು ಗುಮಾಸ್ತನ ಕಡೆ ತಿರುಗಿದರು. "ಇದನ್ನ ಅವರು ಮುಂಚೆ ತಿಳಿಸಿದ್ರಾ?"

"ಮೂರು ತಿಂಗಳ ಹಿಂದೆ ಏನೋ ಕಾಗದ ಬಂದಿತ್ತು ಸಾರ್. ರಟ್ಟಿನ ಮಾದರಿ ಜೊತೆ ಹಾಗೇ ಕೆಳಗೆ ಕಳಿಸ್ಬಿಟ್ಟೆ" ಎಂದು ಗುಮಾಸ್ತ ನುಣ್ಣಗೆ ಜಾರಿಕೊಂಡ.

"ಎಲ್ಲಿದೆಯಮ್ಮ ಆ ಕಾಗದ?" ಎಂದು ಕಾರ್ಯದರ್ಶಿಗಳು ಅತ್ತೆಯ ಕಡೆ ತಿರುಗಿದರು.

"ನಾನು ಯಾವ ಕಾಗದಾನೂ ನೋಡಿಲ್ಲ ಸಾರ್" ಎಂದಳು ಅತ್ತೆ. ಅಜ್ಜನ ಮಾತ್ರೆ, ಅಪ್ಪನ ಕಾಲೇಜು ಎರಡೂ ಒಟ್ಟಿಗೆ ಕಣ್ಣೆದುರು ಬಂದವಂತೆ.

ಮುದ್ರೆಯವಳು ನಡೆದ ಮಾತನ್ನು ದುಭಾಷಿಯಿಂದ ತಿಳಿದುಕೊಂಡಳು. ಅತ್ತೆಯನ್ನೇ ಒಂದು ಗಳಿಗೆ ನೋಡಿ, ಮೆಲ್ಲಗೆ ಏನೋ ಹೇಳಿದಳು.

"ತಪ್ಪು ತಮ್ಮದೇ ಅಂತಿದಾರೆ ಸಾರ್" ಎಂದ ದುಭಾಷಿ. "ಆ ಕಾಗದದಲ್ಲಿ ಇದ್ದದ್ದು ರಟ್ಟಿನ ಬಣ್ಣದ ವಿಷಯ ಅಷ್ಟೇ ಅಂತೆ. ಗಂಟಿನ ವಿಷಯ ಬರೆಯೋದನ್ನ ಇವರು ಮರೆತರಂತೆ."

ಅವರ ಕಡೆಯ ಹಿರಿಯ ಅಧಿಕಾರಿ ಎಲ್ಲರೆದುರೇ ಅವಳನ್ನು ಗದರಿಸಿದ. ಅವಳು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು.

ಆಮೇಲೆ ಅತ್ತೆ, ಮುದ್ರೆಯವಳು ಇಬ್ಬರೂ ಕೆಳಗಿನ ಕೋಣೆಗೆ ಓಡಿದರು. ಅತ್ತೆ ಬಿಚ್ಚಿ ಮತ್ತೆ ಹೊಲಿದಳು, ಅವಳು ಹಾಳೆ ಅಲುಗದಂತೆ ಹಿಡಿದುಕೊಂಡಳು. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು. ಗಂಟು ಬಿಗಿಯುವಾಗ ದಾರ ಸಡಿಲವಾಗದಿರಲೆಂದು ಅವಳು ತನ್ನ ಬೆರಳು ಒತ್ತಿಕೊಟ್ಟಳು. ಸಹಿ ಹತ್ತು ನಿಮಿಷ ತಡವಾಯಿತು, ಅಷ್ಟೇ. ಆ ತಿಂಗಳೇ ಅತ್ತೆ ಖಾಯಂ ಆದಳು, ಅಪ್ಪನ ಓದು ನಿಲ್ಲಲಿಲ್ಲ.

ಇದನ್ನು ಊಟಕ್ಕೆ ಕೂತಾಗ ನೂರು ಸಲ ಕೇಳಿದ್ದೇವೆ. ಕೊನೆಗೆ ಅಪ್ಪ "ಅವರು ಮರೆತದ್ದಕ್ಕೆ ನಮ್ಮಕ್ಕನ ಜೀವ ಬಾಯಿಗೆ ಬಂದಿತ್ತು" ಎನ್ನಬೇಕು, ಅತ್ತೆ ತಟ್ಟೆ ಎತ್ತಿಕೊಂಡು ಏಳಬೇಕು. ಅದು ನಮ್ಮ ಮನೆಯ ರೂಢಿ.

ಅವಳು ನಿವೃತ್ತಳಾದ ವಾರ ಸಾಮಾನು ಜೋಡಿಸಿಕೊಡಲು ಹೋಗಿದ್ದೆ. ನನ್ನನ್ನು ಕೂರಿಸಿ ಟ್ರಂಕಿನ ತಳದಿಂದ ಒಂದು ದಪ್ಪ ಹಾಳೆ ತೆಗೆದಳು. ಅದರ ಮೈತುಂಬ ಬ್ಲೇಡಿನ ಗೀರು. ಕಾಗದ ಕತ್ತರಿಸುವಾಗ ಮೇಜಿಗೆ ಪೆಟ್ಟಾಗದಿರಲೆಂದು ಬೈಂಡರುಗಳು ಕೈಗೆ ಸಿಕ್ಕ ದಪ್ಪ ಹಾಳೆಯನ್ನು ಅಡಿಗೆ ಹಾಸಿಕೊಳ್ಳುತ್ತಾರೆ. ರಟ್ಟಿನ ಮಾದರಿಯ ಜೊತೆ ಬಂದ ಈ ಹಾಳೆಯನ್ನು ಅತ್ತೆ ಬೋರಲು ಹಾಸಿಕೊಂಡು, ಅದರ ಮೇಲೇ ಇಡೀ ಒಪ್ಪಂದವನ್ನು ಕತ್ತರಿಸಿದ್ದಳು. ಸಹಿಯಾದ ಮರುವಾರ ಮೇಜು ಒರೆಸುವಾಗ ಮಗುಚಿ ನೋಡಿದಳಂತೆ. ಗೀರುಗಳ ನಡುವೆ ಚಿತ್ರದ ಸಮೇತ, ಅಡಿಗೆ ನಮ್ಮ ಭಾಷೆಯ ಅನುವಾದದ ಜೊತೆ ಬರೆದಿತ್ತು: ಗಂಟು ಹೊರಗೆ ಕಾಣುವಂತಿರಬೇಕು.

"ಕೆಳಗೆ ಯಾರ ಸಹಿ ನೋಡು" ಎಂದಳು. ಮುದ್ರೆಯ ಉಸ್ತುವಾರಿ ಎಂದು ಅಚ್ಚಾಗಿತ್ತು, ಅದರ ಮೇಲೆ ಸಹಿ. "ಅವಳೇ ಕೈಯಾರೆ ಬರೆದಿದ್ಲು. ಮರೆತೆ ಅಂದ್ಲು."

"ಅವರಿಗೆ ಒಂದು ಕಾಗದಾನಾದ್ರೂ ಬರೀಬಹುದಿತ್ತಲ್ಲ ಅತ್ತೆ?"

"ಏನಂತ ಬರೀಲಿ? ಸುಳ್ಳು ಹೇಳಿ ನನ್ನ ಉಳಿಸಿದೆ ಅಂತಲಾ? ಯಾರಾದ್ರೂ ಒಡೆದು ಓದಿದ್ರೆ? ಅವಳ ಮನೇಲೂ ಯಾರೋ ಹಾಸಿಗೆ ಹಿಡಿದಿದ್ರೋ ಏನೋ."

ಐದು ವರ್ಷಕ್ಕೊಮ್ಮೆ ಒಪ್ಪಂದ ಹೊಸದಾಗುತ್ತಿತ್ತು. ಅತ್ತೆ ಪ್ರತಿ ಸಲವೂ ಹೊಸ ಸೀರೆ ಉಟ್ಟು ಬಾಗಿಲ ಹತ್ತಿರ ಕಾಯುತ್ತಿದ್ದಳಂತೆ. ಮುದ್ರೆ ತರುತ್ತಿದ್ದವರು ಬೇರೆ ಯಾರೋ.

"ಒಂದು ಸಲ ಅವಳ ವಿಷಯ ದುಭಾಷಿ ಹತ್ರ ಕೇಳಿಸಿದೆ" ಎಂದಳು, ಹಾಳೆಯನ್ನು ಮಡಚುತ್ತ. "ಅವರು ಈಗ ಕೆಲಸದಲ್ಲಿಲ್ಲ ಅಂದ್ರು. ಯಾವಾಗಿಂದ ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ ಕಣೆ."